ಬಾಡದ ಅಪ್ಪ

ಸುಮಂಗಲಾ ಬರೆದ ಮಕ್ಕಳ ಕಾದಂಬರಿಗಳು ನಾಲ್ಕು. ನಾಲ್ಕಕ್ಕೂ ಬಿಡುಗಡೆ ಸಮಾರಂಭ ಆಗಿದೆ, ಎರಡಕ್ಕೆ ಬಹುಮಾನ ಬಂದಿದೆ, ಓದುವ ಮಗು ಮಾತ್ರ ಒಂದಕ್ಕೂ ಸಿಕ್ಕಿಲ್ಲ. ಬಿಡುಗಡೆಗೆ ಬಂದವರು ನಿವೃತ್ತ ಮೇಷ್ಟ್ರುಗಳು. ಮುನ್ನುಡಿ ಬರೆದವರೂ ಅವರೇ, 'ಪ್ರತಿ ಮಗುವೂ ಓದಲೇಬೇಕಾದ ಕೃತಿ' ಎಂದು ಮೈಕಿನ ಮುಂದೆ ಗಂಟಲು ಹರಿದುಕೊಂಡವರೂ ಅವರೇ. ಒಂದು ಸಮಾರಂಭಕ್ಕೆ ಯಾರೋ ನೆನಪು ಮಾಡಿಕೊಂಡು ಆರು ಮಕ್ಕಳನ್ನು ಕರೆಸಿದ್ದರು. ಅವರ ಕೈಲಿ ಪ್ರಾರ್ಥನೆ ಹಾಡಿಸಿ, ಒಂದೊಂದು ಬಿಸ್ಕತ್ತಿನ ಪೊಟ್ಟಣ ಕೊಟ್ಟು, ಭಾಷಣ ಶುರುವಾಗುವ ಮೊದಲೇ ಮನೆಗೆ ಕಳಿಸಿಬಿಟ್ಟರು. ಮಕ್ಕಳ ಸಾಹಿತ್ಯ ಅಂದರೆ ನಮ್ಮಲ್ಲಿ ದೊಡ್ಡವರು ದೊಡ್ಡವರಿಗೆ ಹೊದಿಸುವ ಶಾಲು.

ಸುಮಂಗಲಾ ರಾಣೆಬೆನ್ನೂರಿನ ಕಡೆಯವಳು. ಗಂಡನಿಗೆ ಬೆಳ್ಳಂದೂರಿನ ಟೆಕ್ ಪಾರ್ಕಿನಲ್ಲಿ ಕೆಲಸ, ಮನೆ ಕಾಡುಗೋಡಿಯ ಅಪಾರ್ಟ್‌ಮೆಂಟೊಂದರ ಮೂರನೆಯ ಮಹಡಿ. ಊರಲ್ಲಿ ಅವಳು ತಾಯಿಯನ್ನು 'ಯವ್ವಾ' ಎಂದು ಕರೆದು ಬೆಳೆದವಳು. ಪೆನ್ನು ಹಿಡಿದ ದಿನದಿಂದ ಆ ಶಬ್ದವನ್ನು ಹೊರಗೆ ನಿಲ್ಲಿಸಿದಳು. ಅವಳ ಕಾದಂಬರಿಯ ಮಕ್ಕಳು ಬಿದ್ದು ಮಂಡಿ ತರಚಿಕೊಂಡಾಗಲೂ 'ಅಮ್ಮಾ, ತಾವು ಚಿಂತಿಸದಿರಿ' ಎನ್ನುತ್ತಿದ್ದರು. ಹದಿನಾಲ್ಕು ವರ್ಷದಿಂದ ಬರೆಯುತ್ತಿದ್ದವಳಿಗೆ ಇದ್ದ ಆಸೆ ಒಂದೇ, ಅದೂ ಸಣ್ಣದು. ಯಾವುದಾದರೂ ಒಂದು ಮಗು ಅವಳ ಪುಸ್ತಕದ ನಡುವೆ ತಲೆ ಎತ್ತಿ 'ಆಮೇಲೆ?' ಎಂದು ಕೇಳಬೇಕು.

ಮನೆಯಲ್ಲೇ ಒಂದು ಮಗು ಇತ್ತು. ಶೀತಲ್, ಎಂಟನೇ ಕ್ಲಾಸು. ಅವಳ ಕೋಣೆಯ ಗೋಡೆಯ ಮೇಲೆ ಕೊರಿಯಾದ ಹಾಡುಕುಣಿತದ ತಂಡವೊಂದರ ಆರು ಹುಡುಗರು ಪೋಸ್ಟರಿನಲ್ಲಿ ಸಾಲಾಗಿ ನಿಂತಿದ್ದರು, ಒಬ್ಬನ ಕೂದಲು ನೇರಳೆ, ಇನ್ನೊಬ್ಬನದು ಬೆಳ್ಳಿ. ಅವರ ಹುಟ್ಟಿದ ದಿನ, ರಕ್ತದ ಗುಂಪು, ಯಾರಿಗೆ ಯಾವ ಹಣ್ಣು ಮೈಗಾಗುವುದಿಲ್ಲ ಎಂಬುದೆಲ್ಲ ಶೀತಲ್‌ಗೆ ಬಾಯಿಪಾಠ. ತಾಯಿಯ ನಾಲ್ಕು ಪುಸ್ತಕಗಳ ಹೆಸರು ಹೇಳು ಅಂದರೆ ಎರಡಕ್ಕೆ ನಿಲ್ಲುತ್ತಿದ್ದಳು.

"ಒಂದ್ ಪುಟ ಓದಿ ನೋಡೇ," ಎಂದು ಸುಮಂಗಲಾ ಒಂದು ಭಾನುವಾರ ಗೋಗರೆದಳು.

"ಅಮ್ಮ, ನಿನ್ ಬುಕ್ಕಲ್ಲಿ ಎಲ್ರೂ ಅಸೆಂಬ್ಲೀಲಿ ಭಾಷಣ ಮಾಡೋ ತರ ಮಾತಾಡ್ತಾರೆ."

"ಆ ಹುಡುಗ್ರು ಹಾಡೋದು ನಿಂಗೆ ಅರ್ಥ ಆಗುತ್ತಾ?"

"ಅರ್ಥ ಆಗಲ್ಲ, ಅಳು ಬರುತ್ತೆ. ನಿಂದು ಅರ್ಥ ಆಗುತ್ತೆ, ಅಷ್ಟೇ."

ಅಂದಿನಿಂದ ಸುಮಂಗಲಾ ಗೋಡೆಯ ಮೇಲಿನ ಆ ಆರು ಮಂದಿಯನ್ನು ಸವತಿಯರನ್ನು ನೋಡುವ ಹಾಗೆ ನೋಡತೊಡಗಿದಳು. ಕಸ ಗುಡಿಸುವಾಗ ಬೇಕೆಂದೇ ಪೊರಕೆಯ ಹಿಡಿ ಆ ನೇರಳೆ ಕೂದಲಿನವನಿಗೆ ತಗುಲಿಸುತ್ತಿದ್ದಳು.

ಆ ವರ್ಷ ಶೀತಲ್‌ಗೆ ಹೊಸ ಫೋನು ಬಂತು. ಹಳೆಯದನ್ನು ಅವಳು ಪಾತ್ರೆ ತೊಳೆಯಲು ಬರುವ ಸವಿತಾಳಿಗೆ ಕೊಟ್ಟಳು. ಗಾಜು ಒಡೆದಿತ್ತು, ಆದರೆ ಒಳಗಿನ ಸರಕು ಹಾಗೇ ಇತ್ತು. ಶೀತಲ್ ಗೆಳತಿಯಿಂದ ತುಂಬಿಸಿಕೊಂಡಿದ್ದ ನೂರೆಂಟು ಹಾಡು, ಜೊತೆಗೆ ಹದಿನಾರು ಕಂತಿನ ಒಂದು ಕೊರಿಯನ್ ಧಾರಾವಾಹಿ. ಕೆಳಗೆ ಓಡುವ ಅಕ್ಷರಗಳೆಲ್ಲ ಇಂಗ್ಲಿಷು. ಸವಿತಾ ಬೆಳಗಿನಿಂದ ಸಂಜೆಯವರೆಗೆ ಏಳು ಮನೆ ತಿರುಗುವವಳು, ಅವಳಿಗೆ ಫೋನು ನೋಡಲು ಪುರುಸೊತ್ತೆಲ್ಲಿ? ಅದು ಹೋಗಿ ಸೇರಿದ್ದು ಅವಳ ಅತ್ತೆ ಮುದುಕವ್ವನ ಕೈಗೆ.

ಮುದುಕವ್ವ ಕುಷ್ಟಗಿ ಸೀಮೆಯವಳು. ಅಪಾರ್ಟ್‌ಮೆಂಟಿನ ಕಾಂಪೌಂಡಿನ ಆಚೆಗೆ ಅಂಟಿಕೊಂಡಂತೆ ಹತ್ತು ಬಾಡಿಗೆ ರೂಮುಗಳ ಸಾಲು, ಅದರಲ್ಲಿ ಕೊನೆಯದು ಇವರದು. ಮಗ ಬಸಲಿಂಗ ಕಟ್ಟಡಗಳ ಸೆಂಟ್ರಿಂಗ್ ಕೆಲಸದವನು, ಹೊಸೂರಿನ ಆಚೆ ಯಾವುದೋ ಸೈಟಿಗೆ ಹೋದರೆ ತಿಂಗಳಿಗೊಮ್ಮೆ ಬಂದರೆ ಬಂದ. ಸಂಜೆ ಐದೂವರೆಗೆ ರೂಮಿನ ಸಾಲಿನ ಮಕ್ಕಳೆಲ್ಲ ಸ್ಕೂಲಿನಿಂದ ಬಂದು ಬಾಗಿಲಲ್ಲಿ ಕೂರುತ್ತಿದ್ದವು. ದೊಡ್ಡವರು ಇನ್ನೂ ಗಾರ್ಮೆಂಟಿನಲ್ಲೋ ಸೈಟಿನಲ್ಲೋ ಇರುವ ಹೊತ್ತು. ಅವುಗಳನ್ನು ಒಂದು ಕಡೆ ಹಿಡಿದು ಕೂರಿಸಲು ಮುದುಕವ್ವ ಕಥೆ ಶುರು ಮಾಡಿದಳು. ಫೋನಿನಲ್ಲಿ ಮಧ್ಯಾಹ್ನ ಒಂದು ಕಂತು ನೋಡುವುದು, ಸಂಜೆ ಅದನ್ನು ಹೇಳುವುದು.

ಸುಮಂಗಲಾಳ ಅಡುಗೆಮನೆಯ ಹಿಂದಿನ ಬಾಲ್ಕನಿ ಆ ರೂಮುಗಳ ನೆತ್ತಿಗೆ ಸರಿಯಾಗಿ ಇತ್ತು. ಸವಿತಾ ಮೇಲೆ ಬರಬೇಕಾದರೆ ಸರ್ವಿಸ್ ಲಿಫ್ಟೇ ಬೇರೆ, ಅದೂ ವಾಚ್‌ಮನ್ನಿಗೆ ಕಾರ್ಡು ತೋರಿಸಿ. ಅವಳ ಅತ್ತೆಯ ಕಥೆಗೆ ಯಾವ ಲಿಫ್ಟೂ ಬೇಕಾಗಲಿಲ್ಲ. ಒಗೆದ ಬಟ್ಟೆ ತೆಗೆಯಲು ಬಂದ ಸುಮಂಗಲಾಳ ಕಿವಿಗೆ ಅದು ನೇರವಾಗಿ ಬಂದು ಬಿತ್ತು.

"ಆ ಹುಡುಗಿ ಅಂವನ್ನ ಅಪ್ಪಾ, ಅಪ್ಪಾ ಅಂತ ಕರಕೋತ ಬೆನ್ನ ಹತ್ತಿದ್ಲು. ಅಂವ ತಿರುಗಿ ಸೈತ ನೋಡವಲ್ಲ."

"ಅಜ್ಜಿ, ಅಂವ ಹುಡುಗ ಅದಾನಲ್ಲ," ಎಂದಳು ಮೊಮ್ಮಗಳು ಪ್ರಿಯಾಂಕಾ. ಮೂರನೇ ಕ್ಲಾಸಿನ ಹುಡುಗಿ, ಪ್ರಶ್ನೆ ಕೇಳುವುದರಲ್ಲಿ ವಕೀಲೆ. "ಹುಡುಗ ಹೆಂಗ ಅಪ್ಪ ಆಕ್ಕಾನ?"

"ಅದಾ ಕಥಿ. ಅಂವ ದುಡಿಯಾಕ ಕಂಪನಿಗೆ ಹ್ವಾದ. ಅಲ್ಲಿ ಎಸಿ ರೂಮಿನ್ಯಾಗ ಇಟ್ರು. ಫ್ರಿಜ್ಜಿನ್ಯಾಗ ಇಟ್ಟ ಕಾಯಿಪಲ್ಯೆ ಬಾಡ್ತೈತೇನು? ಹಂಗ ಅಂವನೂ ಬಾಡ್ಲಿಲ್ಲ. ವರ್ಷ ಹೋದಂಗ ಇನ್ನಷ್ಟು ತಾಜಾ ಆದ. ಆಕೋತ ಆಕೋತ ಮಗಳು ಹುಟ್ಟೋಕಿಂತ ಮೊದಲಿನ ವಯಸ್ಸಿಗೆ ಹೋಗಿಬಿಟ್ಟ. ಅಂದಮ್ಯಾಲೆ ಮಗಳ ಗುರುತು ಹೆಂಗ ಸಿಗಬೇಕು ಅಂವಗ?"

ಸುಮಂಗಲಾಳ ಕೈಯಲ್ಲಿ ಕ್ಲಿಪ್ಪು ಹಾಗೇ ನಿಂತಿತು.

ವಿಷಯ ಏನೆಂದು ಅವಳಿಗೆ ಕೂಡಲೇ ಹೊಳೆಯಿತು. ಮಗಳ ಕೋಣೆಯಿಂದ ದಿನಕ್ಕೆ ನೂರು ಸಲ ಕೇಳಿಬರುವ ಶಬ್ದ ಅದು, 'ಒಪ್ಪಾ'. ಅಲ್ಲಿನ ಹುಡುಗಿಯರು ತಮಗಿಂತ ದೊಡ್ಡ ಹುಡುಗರನ್ನು, ಅಣ್ಣನನ್ನೂ ಪ್ರಿಯಕರನನ್ನೂ, ಹಾಗೆ ಕರೆಯುತ್ತಾರೆ. ಮುದುಕವ್ವನ ಕುಷ್ಟಗಿ ಕಿವಿಗೆ ಅದು 'ಅಪ್ಪಾ' ಎಂದು ಕೇಳಿಸಿದೆ. ಒಂದು ಅಕ್ಷರ ಜಾರಿ ಇಡೀ ಪ್ರೇಮಕಥೆ ಮಗುಚಿ ಬಿದ್ದಿದೆ. ಸುಮಂಗಲಾ ನಕ್ಕಳು. ನಗು ಗಂಟಲಿನಿಂದ ಕೆಳಗಿಳಿಯುವ ಹೊತ್ತಿಗೆ ಹೊಟ್ಟೆಕಿಚ್ಚಾಗಿತ್ತು. ಹದಿನಾಲ್ಕು ವರ್ಷ, ನಾಲ್ಕು ಪುಸ್ತಕ, ಎರಡು ಬಹುಮಾನ, ಅದರಲ್ಲಿ ಎಲ್ಲಾದರೂ ಆ ಫ್ರಿಜ್ಜಿನ ಕಾಯಿಪಲ್ಯೆಯಂಥ ಒಂದು ಮಾತು ಇದೆಯೇ? ಇಲ್ಲ. ಕಾಂಪೌಂಡಿನ ಆಚೆ ಓದು ಬರಹ ಬಾರದ ಹೆಂಗಸೊಬ್ಬಳು ತಪ್ಪು ಕೇಳಿಸಿಕೊಂಡೇ ಇವಳನ್ನು ಮೀರಿಸಿ ಕೂತಿದ್ದಾಳೆ.

ಮರುದಿನ ಸಂಜೆ ಐದೂಕಾಲಿಗೇ ಅವಳು ನೋಟ್‌ಬುಕ್ಕು ಹಿಡಿದು ಬಾಲ್ಕನಿಯಲ್ಲಿ ವಾಷಿಂಗ್ ಮಶೀನಿನ ಪಕ್ಕ ಸ್ಟೂಲು ಹಾಕಿಕೊಂಡಿದ್ದಳು. ಬಟ್ಟೆಯ ಮರೆಯಲ್ಲಿ ಕೂತರೆ ಕೆಳಗಿನವರಿಗೆ ಕಾಣುವುದಿಲ್ಲ. ಇದಕ್ಕೆ ಕನ್ನಡದಲ್ಲಿ ಕಳ್ಳತನ ಎನ್ನುತ್ತಾರೆ. ಸುಮಂಗಲಾ 'ಜಾನಪದ ಸಂಗ್ರಹ' ಅಂದುಕೊಂಡಳು. ಓದಿದವರಿಗೆ ಇದೊಂದು ಅನುಕೂಲ, ಮಾಡುವ ಪ್ರತಿ ಕೆಲಸಕ್ಕೂ ಮರ್ಯಾದೆಯ ಒಂದು ಹೆಸರು ಸಿಗುತ್ತದೆ.

ದಿನಕ್ಕೊಂದು ಅಧ್ಯಾಯ ಆಯಿತು. ಮಳೆಯಲ್ಲಿ ಆ ಯುವಕ ಹುಡುಗಿಗೆ ಛತ್ರಿ ಹಿಡಿದ, ಕೆಳಗೆ ಮಕ್ಕಳು ಉಸಿರು ಬಿಗಿಹಿಡಿದವು. ಬೀದಿಯಂಗಡಿಯಲ್ಲಿ ಇಬ್ಬರೂ ಎರಡು ಕಡ್ಡಿ ಹಿಡಿದು ಶಾವಿಗೆ ತಿಂದರು. 'ಪಾಪ, ಆ ಊರಾಗ ಕೈ ತೊಳಿಯಾಕ ನೀರಿಲ್ಲ, ಅದಕ್ಕ ಕಡ್ಡಿ' ಎಂದಳು ಮುದುಕವ್ವ. ಅವನಿಗೆ ಮಗಳ ನೆನಪು ಸ್ವಲ್ಪ ಸ್ವಲ್ಪ ಬರಲೆಂದು ಹುಡುಗಿ ಹಾಡುತ್ತಾಳೆ ಎಂದು ಹೇಳಿ, ಶೀತಲ್‌ಳ ಆ ಆರು ಹುಡುಗರ ಕುಣಿತದ ಹಾಡಿನ ಧಾಟಿಗೇ ತನ್ನ ಮಾತು ಕೂರಿಸಿ ಹಾಡಿದಳು. ಎಂಟನೆಯ ಕಂತಿನಲ್ಲಿ ಕಾಲು ಉಳುಕಿದ ಹುಡುಗಿಯನ್ನು ಅವನು ಕೂಸುಮರಿ ಹೊತ್ತುಕೊಂಡು ದಿಬ್ಬ ಹತ್ತಿದಾಗಲಂತೂ ಪ್ರಿಯಾಂಕಾ ಎದ್ದೇ ನಿಂತಳು.

"ಈಗ ನೆನಪು ಬಂತೇನಜ್ಜಿ ಅಂವಗ?"

"ತಲಿಗೆ ಬಂದಿಲ್ಲ. ಬೆನ್ನಿಗೆ ಬಂದೈತಿ. ಅಪ್ಪ ಅಲ್ಲದ ಮತ್ತ್ಯಾರು ಹೊರ್ತಾರ ಹೇಳು ಹಂಗ?"

ಸುಮಂಗಲಾ ಅದನ್ನೂ ಬರೆದುಕೊಂಡಳು. ಸಿಟ್ಟಿಗೆ ಒತ್ತಿ ಒತ್ತಿ ಬರೆದಳು. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ 'ಬಾಡದ ಅಪ್ಪ, ಮಕ್ಕಳ ಕಾದಂಬರಿ' ಎಂದು ದುಂಡಗೆ ಬರೆದು ಕೆಳಗೆ ತನ್ನ ಹೆಸರು ಹಾಕಿದಳು. ಈ ಪುಸ್ತಕವನ್ನು ಮಕ್ಕಳು ಓದುತ್ತವೆ. ಶೀತಲ್ ಓದುತ್ತಾಳೆ. ಓದಿ, ತಲೆ ಎತ್ತಿ, ಕೇಳುತ್ತಾಳೆ.

ಹನ್ನೆರಡನೆಯ ಸಂಜೆ ಅವಳು ಬಟ್ಟೆಯ ಸಂದಿಯಿಂದ ಕೆಳಗೆ ಬಗ್ಗಿ ನೋಡಿದಾಗ ಮಕ್ಕಳ ನಡುವೆ ನೇರಳೆ ಬಣ್ಣದ ಹೇರ್‌ಬ್ಯಾಂಡ್ ಹಾಕಿದ ಒಂದು ತಲೆ ಕಂಡಿತು. ಆ ಹೇರ್‌ಬ್ಯಾಂಡನ್ನು ತಂದುಕೊಟ್ಟವಳು ಇವಳೇ. ಡ್ಯಾನ್ಸ್ ಪ್ರಾಕ್ಟೀಸಿಗೆ ಕ್ಲಬ್‌ಹೌಸಿಗೆ ಹೋಗುತ್ತೇನೆ ಎಂದು ದಿನಾ ಹೇಳಿ ಹೋಗುತ್ತಿದ್ದ ಶೀತಲ್ ರೂಮಿನ ಕಟ್ಟೆಯ ಮೇಲೆ ಮೊಣಕಾಲು ತಬ್ಬಿಕೊಂಡು ಕೂತಿದ್ದಳು. ಬಾಯಿ ಅರ್ಧ ತೆರೆದಿತ್ತು. ಮುದುಕವ್ವ ಎಲೆಯಡಿಕೆಗೆಂದು ಮಾತು ನಿಲ್ಲಿಸಿದಳು. ಆಗ ಶೀತಲ್ ಕೇಳಿದಳು.

"ಆಮೇಲೆ, ಅಜ್ಜಿ?"

ಮುಂದಿನದೆಲ್ಲ ನಡೆದದ್ದು ನಾಲ್ಕು ನಿಮಿಷದಲ್ಲಿ. ಸುಮಂಗಲಾ ಮೆಟ್ಟಿಲಿಳಿದು, ಗೇಟು ದಾಟಿ, ಕಾಂಪೌಂಡು ಸುತ್ತಿ ರೂಮುಗಳ ಮುಂದೆ ನಿಂತಳು. ಮುದುಕವ್ವ ಗಾಬರಿಯಿಂದ ಸೆರಗು ಸರಿಮಾಡಿಕೊಂಡು ಎದ್ದಳು. "ಬರ್ರಿ ಯವ್ವಾ, ಸವಿತಾ ಇನ್ನಾ ಬಂದಿಲ್ರಿ."

"ಸವಿತನ್ನ ಕೇಳಕ್ಕೆ ಬಂದಿಲ್ಲ ನಾನು," ಎಂದಳು ಸುಮಂಗಲಾ. ದನಿ ತಣ್ಣಗಿತ್ತು, ಬಹುಮಾನ ತಗೊಳ್ಳುವಾಗ ಇರುತ್ತದಲ್ಲ, ಹಾಗೆ. "ಮಕ್ಕಳಿಗೆ ತಪ್ಪು ಹೇಳ್ಬಾರ್ದು ಮುದುಕವ್ವ. ಅವಳು ಕರೀತಿರೋದು ಅಪ್ಪಾ ಅಂತ ಅಲ್ಲ, ಒಪ್ಪಾ ಅಂತ. ಪ್ರೀತಿ ಮಾಡೋ ಹುಡುಗನ್ನ ಅಲ್ಲಿ ಹಂಗೆ ಕರೀತಾರೆ. ಅವನು ಅಪ್ಪನೂ ಅಲ್ಲ, ಎಸಿಲಿ ಚಿಕ್ಕವನಾಗಿದ್ದೂ ಅಲ್ಲ. ಅದೊಂದು ಲವ್ ಸ್ಟೋರಿ ಅಷ್ಟೆ. ಬೇಕಾದ್ರೆ ಶೀತಲ್‌ನೇ ಕೇಳಿ."

ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ನಿಜವನ್ನು ಕಲ್ಲಿನ ಹಾಗೆ ಎಸೆಯಲು ಬರುವವರು ಸುಳ್ಳು ಹೇಳುವ ತೊಂದರೆ ತೆಗೆದುಕೊಳ್ಳುವುದಿಲ್ಲ.

ಮಕ್ಕಳು ಶೀತಲ್ ಕಡೆ ತಿರುಗಿದವು. ಶೀತಲ್ ನೆಲ ನೋಡಿದಳು. ಮುದುಕವ್ವನ ಮುಖ ಕೆಂಪಾಗಿ, ಆಮೇಲೆ ಬಣ್ಣ ಇಳಿಯಿತು. ಮಕ್ಕಳ ಮುಂದೆ ಹನ್ನೆರಡು ದಿನ ಗಂಡು ಹೆಣ್ಣಿನ ಲವ್ವು ಹೇಳಿದೆನೇ ಎಂದು ನಾಚಿಕೆಯಿಂದ ಕುಗ್ಗಿದಳು. "ನಮಗೇನು ಗೊತ್ತಾಕ್ಕೈತ್ರಿ," ಎಂದಳು ಮೆಲ್ಲಗೆ. "ಓದಿದಾಕಿ ಅಲ್ಲ ನಾನು." ಫೋನು ಮಡಿಲಿನಿಂದ ತೆಗೆದು ಒಳಗಿಟ್ಟು ಬಂದಳು.

"ಹಂಗಾರ ಅಕಿಗೆ ಅವರಪ್ಪ ಸಿಗಂಗಿಲ್ಲೇನು?" ಎಂದು ಕೇಳಿದಳು ಪ್ರಿಯಾಂಕಾ. ಅವಳಪ್ಪ ಬಸಲಿಂಗ ಕೊನೆಯ ಸಲ ಮನೆಗೆ ಬಂದುಹೋಗಿ ಐದು ವಾರ ಆಗಿತ್ತು.

ಮೇಲೆ ಬಂದ ಶೀತಲ್ ಚಪ್ಪಲಿ ಬಿಡುತ್ತಾ ಒಂದೇ ಮಾತು ಹೇಳಿದಳು. "ನಂಗೆ ಮೊದ್ಲ ದಿನಾನೇ ಗೊತ್ತಿತ್ತಮ್ಮ ಒಪ್ಪಾ ಅಂತ. ಆ ಸೀರಿಯಲ್ ಮೂರ್ ಸಲ ನೋಡಿದೀನಿ. ಅಜ್ಜಿದು ಅದಕ್ಕಿಂತ ಚೆನ್ನಾಗಿತ್ತು, ಅದಕ್ಕೇ ಸುಮ್ನಿದ್ದೆ." ಮತ್ತೆ ಬಾಗಿಲು ಹಾಕಿಕೊಂಡಳು.

ಮರುದಿನ ಐದೂವರೆಗೆ ಕೆಳಗೆ ಕಥೆ ಇರಲಿಲ್ಲ. ಅದರ ಮರುದಿನವೂ ಇರಲಿಲ್ಲ. ಮಕ್ಕಳು ಒಂದೊಂದು ಬಾಗಿಲಲ್ಲಿ ಒಂದೊಂದು ಫೋನಿನ ಸುತ್ತ ಕೂತವು. ಸವಿತಾ ಪಾತ್ರೆ ತೊಳೆದು, ಕೊಟ್ಟ ಕಾಫಿ ಮುಟ್ಟದೆ ಹೋದಳು. ಸುಮಂಗಲಾಳ ನೋಟ್‌ಬುಕ್ಕು ಹನ್ನೆರಡನೆಯ ಅಧ್ಯಾಯದಲ್ಲಿ ನಿಂತಿತ್ತು.

ಇರಲಿ, ಮುಂದಿನದು ನಾನೇ ಬರೆಯುತ್ತೇನೆ ಎಂದು ಕೂತಳು. ಮೂರು ದಿನ ಹೆಣಗಿದಳು. ಅವಳ ಕಥೆಯಲ್ಲಿ ಒಬ್ಬ ವಿಜ್ಞಾನಿ ಬಂದು ಯೌವನದ ಕಾರಣವನ್ನು ವಿವರಿಸಿ, ಕೊನೆಗೆ ತಂದೆ ಮಗಳಿಬ್ಬರೂ ಗಿಡ ನೆಟ್ಟರು. ಓದಿ ಅವಳಿಗೇ ಆಕಳಿಕೆ ಬಂತು. ಆಗ ಧಾರಾವಾಹಿಯ ಉಳಿದ ನಾಲ್ಕು ಕಂತನ್ನು ಲ್ಯಾಪ್‌ಟಾಪಿನಲ್ಲಿ ಹುಡುಕಿ ತಾನೇ ನೋಡಿದಳು. ಅಲ್ಲಿ ಕದಿಯಲು ಏನೂ ಇರಲಿಲ್ಲ. ಶ್ರೀಮಂತ ಹುಡುಗ, ಬಡ ಹುಡುಗಿ, ಒಪ್ಪದ ತಾಯಿ, ಮದುವೆ. ಮುದುಕವ್ವನ ಕಥೆಯ ಕೊನೆ ಮುದುಕವ್ವನ ತಲೆ ಬಿಟ್ಟು ಲೋಕದಲ್ಲಿ ಇನ್ನೆಲ್ಲೂ ಇರಲಿಲ್ಲ, ಮತ್ತು ಆ ಬಾಯಿಯನ್ನು ಮುಚ್ಚಿಸಿದವಳು ತಾನೇ.

ಹದಿನೈದನೆಯ ಕಂತಿನಲ್ಲಿ ಮಾತ್ರ ಅವಳು ಎದ್ದು ಕೂತಳು. ನಾಯಕಿ ಬಂದರಿನಲ್ಲಿ ಮೀನು ಮಾರುವ ಮುದುಕನ ಬಳಿ ಓಡಿಹೋಗಿ, ಸ್ಪಷ್ಟವಾಗಿ, ರಾಣೆಬೆನ್ನೂರಿನ ಹುಡುಗಿಯ ಹಾಗೆಯೇ, 'ಅಪ್ಪಾ' ಎಂದಳು.

"ಶೀತಲ್, ಇದೇನೇ? ಇದು ಒಪ್ಪಾ ಅಲ್ವಲ್ಲ."

"ಕೊರಿಯನ್‌ನಲ್ಲಿ ಅಪ್ಪ ಅಂದ್ರೆ ಅಪ್ಪಾನೇ," ಎಂದಳು ಶೀತಲ್ ಬಾಗಿಲ ಹಿಂದಿನಿಂದ. "ಅಜ್ಜಿ ಪೂರ್ತಿ ತಪ್ಪೇನ್ ಹೇಳಿರ್ಲಿಲ್ಲ."

ಭಾನುವಾರ ಸಂಜೆ ಸುಮಂಗಲಾ ನೋಟ್‌ಬುಕ್ಕು ಹಿಡಿದು ಕೆಳಗೆ ಹೋದಳು. ಶೀತಲ್ ಕರೆಯದೆಯೇ ಹಿಂದೆ ಬಂದಳು. ಮುದುಕವ್ವ ಕಟ್ಟೆಯ ಮೇಲೆ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಎದ್ದು ನಿಲ್ಲಲಿಲ್ಲ ಈ ಸಲ.

"ಆ ಕೊರಿಯಾದೋರು ಅಪ್ಪನ್ನ ಅಪ್ಪಾ ಅಂತಾನೇ ಕರೀತಾರಂತೆ," ಎಂದಳು ಸುಮಂಗಲಾ. "ಹದಿನೈದನೇ ಕಂತಲ್ಲಿ ಇದೆ. ನಾನು ಅವತ್ತು ಅಷ್ಟು..."

"ನಿಮಗ ಕಥಿ ಬೇಕಾಗೇತಿ," ಎಂದಳು ಮುದುಕವ್ವ ಕಲ್ಲು ಆರಿಸುತ್ತಾ. "ಮ್ಯಾಲಿಂದ ಕೇಳ್ತಿದ್ರಲ್ಲ. ಒಣಗಿದ ಬಟ್ಟಿ ಹನ್ನೆರಡು ದಿನ ಯಾರೂ ತಂತಿ ಮ್ಯಾಲ ಬಿಡಂಗಿಲ್ರಿ."

ಮರೆಮಾಚುವಂಥದ್ದು ಏನೂ ಉಳಿದಿರಲಿಲ್ಲ. ಸುಮಂಗಲಾ ನೋಟ್‌ಬುಕ್ಕು ತೆರೆದು, ತಾನು ಬರೆದುಕೊಂಡದ್ದನ್ನು ಮೊದಲಿನಿಂದ ಓದತೊಡಗಿದಳು. ಮಕ್ಕಳು ಒಂದೊಂದಾಗಿ ಬಂದು ಕೂತವು. "ಶೀತಲಪೆಟ್ಟಿಗೆಯಲ್ಲಿರಿಸಿದ ತರಕಾರಿಯಂತೆ ಆತನು ಬಾಡದೇ ಉಳಿದನು..."

"ಶೀತಲಕ್ಕನ ಪೆಟ್ಟಿಗ್ಯಾಗ ಅಂವನ್ನ ಯಾಕ ಇಟ್ರು?" ಎಂದು ಕೇಳಿದಳು ಪ್ರಿಯಾಂಕಾ. ಶೀತಲ್ ಫಕ್ಕನೆ ನಕ್ಕಳು. ಮುದುಕವ್ವನ ಮೊರವೂ ಕುಲುಕಿತು.

"ಫ್ರಿಜ್ಜು ಅನ್ರಿ ಯವ್ವಾ," ಎಂದಳು ಮುದುಕವ್ವ. "ಮತ್ತ ಅಕಿ 'ತಂದೆಯೇ' ಅನ್ನಂಗಿಲ್ಲ. ಬೆನ್ನ ಹತ್ತಿ ಓಡಾಕಿ ಅಷ್ಟುದ್ದ ಕರದ್ರ ಅಂವ ಬಸ್ ಹತ್ತಿ ಹೋಗಿರ್ತಾನ."

ಸುಮಂಗಲಾ ಅಲ್ಲಲ್ಲೇ ಹೊಡೆದುಹಾಕಿ ತಿದ್ದುತ್ತಾ ಹನ್ನೆರಡೂ ಅಧ್ಯಾಯ ಓದಿ ಮುಗಿಸಿದಳು. ಮಕ್ಕಳು ಅವಳನ್ನು ಬಿಟ್ಟು ಮುದುಕವ್ವನ ಮುಖ ನೋಡಿದವು. ಸುಮಂಗಲಾ ಹೊಸ ಪುಟ ತಿರುವಿ ಪೆನ್ನು ಹಿಡಿದಳು.

ಮುದುಕವ್ವ ಮೊರ ಕೆಳಗಿಟ್ಟಳು.

"ಆ ಊರಾಗ ಮಾಳಿಗಿ ಮ್ಯಾಲ ಒಬ್ಬಾಕಿ ಹೆಣಮಗಳಿದ್ಲು. ಮನಿ ಇತ್ತು, ಗಂಡ ಇದ್ದ, ಎಲ್ಲಾ ಇತ್ತು. ಅಕಿ ಕರದ್ರ ಓ ಅನ್ನೋರು ಮಾತ್ರ ಇದ್ದಿಲ್ಲ. ಈ ಹುಡುಗಿ ದಿನಾ ಅಪ್ಪಾ ಅಪ್ಪಾ ಅಂತ ಕರಿಯೋದು ಕೇಳಿ ಕೇಳಿ ಅಕಿಗೆ ತಡಕೊಳ್ಳಾಕ ಆಗ್ಲಿಲ್ಲ. ಒಂದಿನ ದಡದಡ ಇಳದು ಬಂದು, ಏ ಹುಡುಗಿ, ಅಂವ ನಿಮ್ಮಪ್ಪ ಅಲ್ಲ ಅಂದಬಿಟ್ಲು."

ಮಕ್ಕಳು ಯಾರೂ ಸುಮಂಗಲಾಳ ಕಡೆ ನೋಡಲಿಲ್ಲ. ನೋಡದೇ ಇರಲು ಅವು ಪಡುತ್ತಿದ್ದ ಕಷ್ಟ ಎದ್ದು ಕಾಣುತ್ತಿತ್ತು. ಸುಮಂಗಲಾ ತಲೆ ತಗ್ಗಿಸಿ ಬರೆದುಕೊಳ್ಳುತ್ತಿದ್ದಳು. ತನ್ನ ಹೊಟ್ಟೆಕಿಚ್ಚನ್ನು ತನ್ನದೇ ಕೈಯಲ್ಲಿ, ತನ್ನದೇ ಪೆನ್ನಿನಲ್ಲಿ.

"ಅದಕ್ಕ ಆ ಹುಡುಗಿ ಏನಂದ್ಲು? ಅಲ್ಲದಿದ್ರ ಅಲ್ಲ ಬಿಡು, ನಾ ಕರದ್ರ ಓ ಅಂತಾನ, ಕಾಲು ಉಳುಕಿದ್ರ ಹೊರ್ತಾನ, ನನಗಷ್ಟು ಸಾಕು. ಯವ್ವಾ, ನೀನೂ ಯಾರನ್ನರ ಕರದು ನೋಡು ಅಂದ್ಲು."

ಮುದುಕವ್ವ ಅಲ್ಲಿಗೆ ನಿಲ್ಲಿಸಿ ಎಲೆಗೆ ಸುಣ್ಣ ಸವರತೊಡಗಿದಳು. ಮೆಟ್ರೋ ಒಂದು ದೂರದಲ್ಲಿ ಹಾದುಹೋಯಿತು.

"ಯವ್ವಾ, ಮುಂದ?"

ಕೇಳಿದ್ದು ಪ್ರಿಯಾಂಕಾ ಅಲ್ಲ, ಶೀತಲ್ ಅಲ್ಲ. ತನ್ನ ಬಾಯಿಂದಲೇ ಬಂತು ಎಂದು ಸುಮಂಗಲಾಳಿಗೆ ತಿಳಿಯಲು ಒಂದು ಕ್ಷಣ ಹಿಡಿಯಿತು. ಹದಿನಾಲ್ಕು ವರ್ಷ ಯಾರಿಂದಲೋ ಕೇಳಿಸಿಕೊಳ್ಳಬೇಕೆಂದು ಕಾದಿದ್ದ ಮಾತು, ರಾಣೆಬೆನ್ನೂರಿನ ದನಿಯಲ್ಲಿ.

"ಓ," ಎಂದಳು ಮುದುಕವ್ವ. "ಹೇಳ್ತೀನಿ, ತಡಿ. ಎಲಿ ಹಾಕ್ಕೋತೀನಿ."

ಆ ಹೊತ್ತಿನಲ್ಲಿ ಸುಮಂಗಲಾ ನೋಟ್‌ಬುಕ್ಕಿನ ಮೊದಲ ಪುಟಕ್ಕೆ ಹೋದಳು. ಶೀತಲ್ ಪಕ್ಕದಿಂದ ಬಗ್ಗಿ ನೋಡುತ್ತಿದ್ದಳು. 'ಬಾಡದ ಅಪ್ಪ' ಎಂಬುದಕ್ಕೂ ತನ್ನ ಹೆಸರಿಗೂ ನಡುವೆ ಒಂದು ಬೆರಳಿನಷ್ಟು ಜಾಗವಿತ್ತು. ಅಲ್ಲಿ 'ಹೇಳಿದವರು: ಮುದುಕವ್ವ' ಎಂದು ಬರೆದಳು. ತನ್ನ ಹೆಸರಿನ ಮುಂದೆ 'ಬರೆದುಕೊಂಡವರು' ಎಂದು ಸೇರಿಸಿದಳು. ಮೇಲಿನ ಹೆಸರಿನ ಕೆಳಗೆ ತನ್ನದು ಸಣ್ಣದಾಗಿ ಕಂಡಿತು. ಆದರೂ ಹೊಡೆದುಹಾಕಲಿಲ್ಲ.